ಅನ್ನ, ಅಕ್ಷರ, ಆಶ್ರಯ: ಜೊತೆಗೆ ಅಕ್ಕರೆಯೂ ಬೇಕು

ಹೊಟ್ಟೆ ತುಂಬಾ ಊಟ, ಮೈತುಂಬಾ ಬಟ್ಟೆ, ಒಳ್ಳೆಯ ಶಾಲೆ. ಇಷ್ಟಿದ್ದ ಮೇಲೆ ಮಗುವಿಗೆ ಇನ್ನೇನು ಕೊರತೆ ಎಂದು ಕೇಳುವವರು ನಮ್ಮಲ್ಲಿ ಬಹಳ ಜನ. ಮುದ್ದು ಮಾಡಿದರೆ ಮಕ್ಕಳು ಕೆಡುತ್ತಾರೆ ಎಂಬ ಮಾತೂ ನಮ್ಮ ಮನೆಗಳಲ್ಲಿ ಇನ್ನೂ ಓಡಾಡುತ್ತಿದೆ. ಲೆಕ್ಕ, ಅಳತೆಗಳನ್ನೇ ನಂಬಿ ಸರ್ಕಾರಿ ಸೇವೆ ಮುಗಿಸಿದ ಎಂಜಿನಿಯರ್ ನಾನು. ಆದ್ದರಿಂದ ಈ ವಿಷಯದಲ್ಲೂ ಅಳೆದು ನೋಡಿದವರ ಮಾತನ್ನೇ ಮುಂದಿಡುತ್ತೇನೆ.

ರುಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು ಜನಸಂಖ್ಯೆ ಹೆಚ್ಚಿಸಲೆಂದು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದ. ಸಾಕಲಾರದ ಬಡವರು ಕೂಸುಗಳನ್ನು ಸರ್ಕಾರಿ ಶಿಶುಗೃಹಗಳಿಗೆ ಒಪ್ಪಿಸಿದರು. 1989ರ ಡಿಸೆಂಬರಿನಲ್ಲಿ ಅವನ ಆಡಳಿತ ಉರುಳಿದಾಗ ಅಂಥ ಕಡೆಗಳಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ದಿನವೆಲ್ಲ ತೊಟ್ಟಿಲಲ್ಲೇ ಕಳೆಯುವ ಕೂಸುಗಳು, ಪಾಳಿಗೊಮ್ಮೆ ಬದಲಾಗುವ ಆಯಾಗಳು. ಎತ್ತಿಕೊಂಡು ಮಾತಾಡಿಸಲು ‘ನನ್ನವರು’ ಎಂಬುವರು ಯಾರೂ ಇಲ್ಲ.

ಆ ದೇಶದಿಂದ ಇಂಗ್ಲೆಂಡಿನ ಕುಟುಂಬಗಳಿಗೆ ದತ್ತು ಹೋದ 165 ಮಕ್ಕಳನ್ನು ಮನೋವೈದ್ಯ ಮೈಕೆಲ್ ರಟ್ಟರ್ ಮತ್ತು ಸಂಗಡಿಗರು ಅವರು ದೊಡ್ಡವರಾಗುವವರೆಗೂ ಗಮನಿಸಿದರು. ಆರು ತಿಂಗಳೊಳಗೆ ಶಿಶುಗೃಹದಿಂದ ಹೊರಬಂದವರು ಉಳಿದ ಮಕ್ಕಳಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿದ್ದವರ ಕಥೆ ಬೇರೆ. ಒಳ್ಳೆಯ ಮನೆಗಳಲ್ಲಿ ಇಪ್ಪತ್ತು ವರ್ಷ ಬೆಳೆದ ಮೇಲೂ ಅವರಲ್ಲಿ ಅನೇಕರಿಗೆ ಜನರೊಡನೆ ಬೆರೆಯುವುದು, ಒಂದು ಕೆಲಸದಲ್ಲಿ ಗಮನ ನಿಲ್ಲಿಸುವುದು ಕಷ್ಟವಾಗಿತ್ತು. ನೌಕರಿ ಇಲ್ಲದವರೂ ಅವರಲ್ಲೇ ಹೆಚ್ಚು. ಹಸಿವಷ್ಟೇ ಕಾರಣವೆನ್ನುವಂತಿರಲಿಲ್ಲ; ಮೈತೂಕ ಸರಿಯಾಗಿದ್ದ ಮಕ್ಕಳಲ್ಲೂ ತೊಂದರೆ ಕಂಡಿತ್ತು. ಇನ್ನೊಂದು ಸಂಗತಿಯನ್ನು ತಂದೆತಾಯಿಗಳು ಗಮನಿಸಬೇಕು. ಮೊದಲು ಹಿಂದೆ ಬಿದ್ದಿದ್ದ ಅವರ ಬುದ್ಧಿಮಟ್ಟ ಕ್ರಮೇಣ ಸರಿಹೋಯಿತು, ಮನಸ್ಸಿನ ತೊಂದರೆಗಳು ಉಳಿದವು.

ಕಾಂಕ್ರೀಟಿಗೆ ಮೊದಲ ವಾರ ಸರಿಯಾಗಿ ನೀರುಣಿಸದಿದ್ದರೆ ಆಮೇಲೆ ಎಷ್ಟು ಸುರಿದರೂ ಪೂರ್ತಿ ಬಲ ಬಾರದೆಂಬುದು ಮೇಸ್ತ್ರಿಗಳಿಗೆಲ್ಲ ಗೊತ್ತು. ಪುಣ್ಯಕ್ಕೆ ಮನುಷ್ಯ ಕಾಂಕ್ರೀಟಲ್ಲ. ಹಾಗೆ ಹೆಚ್ಚು ಕಾಲ ನೊಂದವರಲ್ಲೂ ಐವರಲ್ಲಿ ಒಬ್ಬರಷ್ಟು ಮಂದಿ ಯಾವ ತೊಂದರೆಯೂ ಇಲ್ಲದೆ ಬೆಳೆದರು.

ನಮ್ಮ ಮನೆಗಳು ಆ ಶಿಶುಗೃಹಗಳಲ್ಲ, ನಿಜ. ಆದರೆ ಅಪ್ಪನ ಚಪ್ಪಲಿ ಸದ್ದಿಗೆ ಮಕ್ಕಳು ಮಾತು ನಿಲ್ಲಿಸುವ ಮನೆಗಳು ನಮ್ಮಲ್ಲಿ ಕಡಿಮೆಯೇ? ಕೆಲಸದಲ್ಲಿ ಬಲು ಜಾಣರಾದರೂ ಕೈಕೆಳಗಿನವರ ಸಣ್ಣ ತಪ್ಪಿಗೆ ಕೂಗಾಡುವ, ಯಾರು ಹೊಗಳಿದರೂ ನಂಬದ ಅಧಿಕಾರಿಗಳನ್ನು ನಾನು ಕಂಡಿದ್ದೇನೆ. ಅಂಥವರೊಬ್ಬರು ಒಮ್ಮೆ ಹೇಳಿದ್ದರು: “ನಮ್ಮಪ್ಪ ಒಂದು ದಿನವೂ ನನ್ನ ಹೆಗಲ ಮೇಲೆ ಕೈಯಿಟ್ಟವರಲ್ಲ ಕಣ್ರೀ.”

ಹಾಗಾದರೆ ನಾವು ಮಾಡಬೇಕಾದ್ದೇನು? ಬಡತನ ಅನಿವಾರ್ಯ ಮಾಡದ ಹೊರತು ಪುಟ್ಟ ಮಕ್ಕಳನ್ನು ವಸತಿ ಶಾಲೆಗೆ ಕಳಿಸಬಾರದು. ಹತ್ತನೆಯ ತರಗತಿಯ ಅಂಕಗಳಿಗಾಗಿ ಐದಾರು ವರ್ಷದ ಕೂಸಿನ ಬಾಲ್ಯವನ್ನು ಅಡವಿಡುವುದು ಜಾಣತನವಲ್ಲ. ಅಪ್ಪಂದಿರು ದಿನಕ್ಕೆ ಅರ್ಧ ಗಂಟೆ, ಅಂಕಗಳ ಮಾತೆತ್ತದೆ, ಮಕ್ಕಳ ಜೊತೆ ಕೂರಬೇಕು.

ಅನಿವಾರ್ಯವಾಗಿ ಮನೆ ಬಿಟ್ಟು ಬಂದ ಮಕ್ಕಳಿಗೆ ನಮ್ಮ ಮಠಗಳ ಪ್ರಸಾದ ನಿಲಯಗಳೇ ಮನೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಾಡಿಗೇ ಮಾದರಿಯಾಗಿ ನಡೆಸಿ ತೋರಿಸಿದರು. ಸಾವಿರಾರು ಮಕ್ಕಳಿರುವ ಕಡೆ ಪ್ರತಿಯೊಂದು ಮಗುವಿಗೂ ಅಕ್ಕರೆ ಮುಟ್ಟಿಸುವ ಹೊಣೆ ಸ್ವಾಮಿಗಳೊಬ್ಬರದೇ ಆಗಬಾರದು, ಅದು ಭಕ್ತರಾದ ನಮ್ಮದು. ಹತ್ತು ಚಿಕ್ಕ ಮಕ್ಕಳಿಗೆ ಒಬ್ಬರಂತೆ, ವರ್ಷದಿಂದ ವರ್ಷಕ್ಕೆ ಬದಲಾಗದ ಹಿರಿಯರೊಬ್ಬರು ಇರಲಿ. ನಿವೃತ್ತರಾದ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಕಾಯಕ ಯಾವುದಿದೆ? ಬಾಳೆಹಣ್ಣು ಹಂಚಿ, ಫೋಟೊ ತೆಗೆಸಿಕೊಂಡು ಬರುವುದನ್ನು ಇಲ್ಲಿ ಹೇಳುತ್ತಿಲ್ಲ. ಮಠದ ಒಪ್ಪಿಗೆ ಪಡೆದು, ವಾರಕ್ಕೊಂದು ಸಂಜೆ ಅದೇ ಹತ್ತು ಮಕ್ಕಳ ಬಳಿ ಹೋಗಬೇಕು. ಅವರ ಹೆಸರು, ಊರು, ಭಯ, ಇಷ್ಟಗಳು ನಮಗೆ ಗೊತ್ತಿರಬೇಕು. ಮುಂದಿನ ವಾರವೂ ಇವರು ಬಂದೇ ಬರುತ್ತಾರೆಂಬ ನಂಬಿಕೆ ಆ ಮಕ್ಕಳಿಗೆ ಹುಟ್ಟಬೇಕು.