ಪೆರೊವ್‌ಸ್ಕೈಟ್ ಸೋಲಾರ್ ಯಾದಗಿರಿಯ ಬಿಸಿಲು ತಾಳುತ್ತದೆಯೇ?

ಬಣ್ಣದಂತೆ ಬಳಿಯಬಹುದಾದ, ಅಗ್ಗದ, ಹೆಚ್ಚು ಕರೆಂಟ್ ಕೊಡುವ ಸೋಲಾರ್ ಬಂದಿದೆ ಎಂಬ ಫಾರ್ವರ್ಡ್ ನಿಮಗೂ ಬಂದಿದ್ದರೆ, ಅದು ಪೂರ್ತಿ ಸುಳ್ಳಲ್ಲ. ಆ ವಸ್ತುವಿನ ಹೆಸರು ಪೆರೊವ್‌ಸ್ಕೈಟ್. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕ ಅವರ ತಂಡ ಇದರಿಂದ ಸೌರಕೋಶ ಮಾಡಿದಾಗ, ಬಿದ್ದ ಬೆಳಕಿನಲ್ಲಿ ಶೇ. 3.8 ಮಾತ್ರ ವಿದ್ಯುತ್ ಆಯಿತು. ಈಗ ಪ್ರಯೋಗಾಲಯದಲ್ಲಿ ಅದು ಶೇ. 26 ದಾಟಿದೆ, ಸಿಲಿಕಾನ್ ಮೇಲೆ ಇದರ ಪದರ ಕೂರಿಸಿದಾಗ ಶೇ. 34ನ್ನೂ ದಾಟಿದೆ.

ಫಾರ್ವರ್ಡ್ ಹೇಳದೆ ಬಿಡುವುದು ಬಾಳಿಕೆಯ ಮಾತು. ತೇವ, ಶಾಖ, ನೇರಳಾತೀತ ಕಿರಣ ಮೂರೂ ಈ ಹರಳನ್ನು ಕೆಡಿಸುತ್ತವೆ. ಯಾದಗಿರಿ, ಶಹಾಪುರ, ಸುರಪುರದ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ. ಮಾಳಿಗೆ ಮೇಲಿನ ಪ್ಯಾನೆಲ್ 60 ಡಿಗ್ರಿ ದಾಟಬಲ್ಲದು. ಅದರ ಬೆನ್ನಿಗೇ ಮಳೆಗಾಲ. ಪ್ಯಾನೆಲ್‌ಗಳನ್ನು 85 ಡಿಗ್ರಿ ಶಾಖ, ಶೇ. 85 ತೇವಾಂಶದಲ್ಲಿ 1,000 ಗಂಟೆ ಇಟ್ಟು ಪರೀಕ್ಷಿಸುವುದು ಇದಕ್ಕಾಗಿಯೇ.

ವಿಜ್ಞಾನಿಗಳು ಹರಳಿನ ಮಿಶ್ರಣ ಬದಲಿಸುತ್ತಿದ್ದಾರೆ, ಅದರ ಮೇಲ್ಮೈಯ ದೋಷಗಳನ್ನು ತೆಳು ಲೇಪದಿಂದ ಮುಚ್ಚುತ್ತಿದ್ದಾರೆ. ಈ ಲೇಪ ಕರೆಂಟನ್ನೂ ಆಯುಷ್ಯವನ್ನೂ ಒಟ್ಟಿಗೆ ಹೆಚ್ಚಿಸುತ್ತದೆ. ಹೆಚ್ಚಿನವುಗಳಲ್ಲಿ ಸೀಸ ಇರುವುದರಿಂದ ಗಾಜಿನ ನಡುವೆ ಸೋರದಂತೆ ಬಿಗಿಯುವುದೂ ಅಗತ್ಯ.

ಇಂದು ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 25 ವರ್ಷ ಖಾತರಿಯ ಸಿಲಿಕಾನ್ ಪ್ಯಾನೆಲ್. ಯಾರಾದರೂ ಪೆರೊವ್‌ಸ್ಕೈಟ್ ಹೆಸರಲ್ಲಿ ಮುಂಗಡ ಕೇಳಿದರೆ ಪರೀಕ್ಷಾ ಪತ್ರ, ಖಾತರಿಯ ವರ್ಷ ಎರಡನ್ನೂ ಬರಹದಲ್ಲಿ ಕೇಳಿ ಎನ್ನುತ್ತೇವೆ ನಾವು.