ಹೊಸ ಮನೆ ವಾಸನೆಗೆ ಹೆಮ್ಮೆ ಪಡಬೇಡಿ, ಕಿಟಕಿ ತೆಗೆಯಿರಿ

ಮಳೆ ಹಿಡಿಯುವ ಮೊದಲು ತೀರ್ಥಹಳ್ಳಿ ಕಡೆ ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ. ಚೆಂದದ ಮನೆ. ಮೇಲೆ ಪಿಒಪಿ ಸೀಲಿಂಗು, ಗೋಡೆಗೆ ಮರದ ಗೆರೆ ಇರುವ ಪಿವಿಸಿ ಶೀಟು, ಕೋಣೆಗೊಂದು ಪ್ಲೈವುಡ್ ವಾರ್ಡ್‌ರೋಬು. ಆಚಾರಿಗಳು ಕೆಲಸ ಮುಗಿಸಿ ಹೊರಟಿದ್ದು ಹಿಂದಿನ ದಿನ ಸಂಜೆ. ಒಳಗೆ ಕಾಲಿಟ್ಟರೆ ಕಣ್ಣು ಉರಿಯುತ್ತಿತ್ತು. ಮನೆಯ ಅಜ್ಜಿ ಹೊಸ ಕೋಣೆಯಲ್ಲಿ ಮಲಗಲು ಒಪ್ಪದೆ ಜಗಲಿಯಲ್ಲಿ ಚಾಪೆ ಹಾಸಿಕೊಂಡರು.

"ಎಂಥ ವಾಸ್ನೆ ಮಾರಾಯಾ, ಗಂಟಲೆಲ್ಲ ಕೆರೀತದೆ."

"ಹೊಸ ಮನೆ ವಾಸ್ನೆ ಅಜ್ಜಿ, ನಾಕು ದಿನಕ್ಕೆ ಹೋಗ್ತದೆ" ಅಂತ ಮೊಮ್ಮಗ ನಕ್ಕ.

ಒಳಕೋಣೆಯಲ್ಲಿ, ಹೊಸ ವಾರ್ಡ್‌ರೋಬಿನ ಪಕ್ಕದಲ್ಲೇ, ಬಾಣಂತಿ ಮತ್ತು ಎಳೆ ಮಗು ಮಲಗಿದ್ದರು. ಗಾಳಿ ತಾಗಬಾರದು ಅಂತ ಕಿಟಕಿ ಮುಚ್ಚಿತ್ತು.

ಅಜ್ಜಿ ಹೇಳಿದ್ದೇ ಸರಿ. ಆ ವಾಸನೆ ನಾಲ್ಕು ದಿನಕ್ಕೆ ಹೋಗುವುದಿಲ್ಲ. ಹೋದರೂ, ಮೂಗಿಗೆ ಅಭ್ಯಾಸವಾಯಿತೇ ಹೊರತು ಗಾಳಿ ಶುದ್ಧವಾಯಿತು ಅಂತಲ್ಲ.

ನಾವು ಎಂಥ ಜನ ನೋಡಿ. ಶುಂಠಿಗೆ ಔಷಧಿ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟುತ್ತೇವೆ, ಮನೆಗೆ ಬಂದು ಸ್ನಾನ ಮಾಡಿಯೇ ಮಕ್ಕಳನ್ನು ಎತ್ತಿಕೊಳ್ಳುತ್ತೇವೆ. ತೋಟದ ವಿಷಕ್ಕೆ ಹೆದರುವ ನಾವೇ ಕೋಣೆಯೊಳಗೆ ದುಡ್ಡು ಕೊಟ್ಟು ವಿಷ ತಂದು ಅದಕ್ಕೆ 'ಇಂಟೀರಿಯರ್' ಅಂತ ಹೆಸರಿಟ್ಟಿದ್ದೇವೆ.

ವಾಸನೆ ಬರುವುದು ಎಲ್ಲಿಂದ?

ಪ್ಲೈವುಡ್ ಅಂದರೆ ತೆಳು ಮರದ ಹಾಳೆಗಳನ್ನು ಅಂಟು ಹಾಕಿ ಒತ್ತಿದ್ದು. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಅಂದರೆ ಮರದ ನಾರು, ಪುಡಿಯನ್ನು ಅಂಟಿನಲ್ಲಿ ಕಲೆಸಿ ಒತ್ತಿದ್ದು. ಅಗ್ಗದ ಹಲಗೆಗಳಲ್ಲಿ ಬಳಸುವ ಅಂಟು ಹೆಚ್ಚಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ಹೌದು, ಅದೇ ಯೂರಿಯಾ. ನಾವು ಸೊಸೈಟಿ ಮುಂದೆ ಸಾಲು ನಿಂತು ತರುವ ಸಬ್ಸಿಡಿ ಗೊಬ್ಬರ ಕದ್ದುಮುಚ್ಚಿ ಪ್ಲೈವುಡ್ ಕಾರ್ಖಾನೆಗಳಿಗೂ ಹೋಗುತ್ತಿತ್ತು. 2015ರಲ್ಲಿ ಕೇಂದ್ರ ಸರ್ಕಾರ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆ ಲೇಪನ ಕಡ್ಡಾಯ ಮಾಡಿದ್ದಕ್ಕೆ ಈ ಕಳ್ಳಸಾಗಣೆ ತಡೆಯುವುದೂ ಒಂದು ಕಾರಣ.

ಇನ್ನು ಫಾರ್ಮಾಲ್ಡಿಹೈಡ್. ಹೆಣ ಕೆಡದಂತೆ ಇಡಲು ಆಸ್ಪತ್ರೆಯಲ್ಲಿ ಬಳಸುವ ಫಾರ್ಮಲಿನ್ ಗೊತ್ತಲ್ಲ, ಅದು ಇದೇ ಅನಿಲವನ್ನು ನೀರಿನಲ್ಲಿ ಕರಗಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹಾಗಂತ ಒಂದು ಕಪಾಟು ಮಾಡಿಸಿದ ಕೂಡಲೇ ಕ್ಯಾನ್ಸರ್ ಬರುತ್ತದೆ ಎಂದು ಯಾರನ್ನೂ ಹೆದರಿಸುವುದಿಲ್ಲ. ಕಾರ್ಖಾನೆಯಲ್ಲಿ ದಿನವಿಡೀ ಉಸಿರಾಡುವವರ ಪಾಲಿಗೂ ನಮ್ಮ ಪಾಲಿಗೂ ವ್ಯತ್ಯಾಸ ಇದೆ. ಮನೆಯಲ್ಲಿ ಮೊದಲು ಕಾಣುವುದು ಕಣ್ಣುರಿ, ಗಂಟಲು ಕೆರೆತ, ತಲೆನೋವು. ಮೊದಲೇ ಉಬ್ಬಸ ಇದ್ದವರಿಗೆ ಇನ್ನೂ ಕಷ್ಟ. ಹೆಚ್ಚು ಹೊತ್ತು ಒಳಗೇ ಇರುವವರು ಯಾರು? ಬಾಣಂತಿ, ಮಗು, ವಯಸ್ಸಾದವರು.

ಇದರ ಮೇಲೆ ಆಯಿಲ್ ಪೇಂಟು, ಪಾಲಿಶು, ಥಿನ್ನರು. ಪೇಂಟು ಒಣಗುವುದು ಅಂದರೆ ಅದರಲ್ಲಿದ್ದ ದ್ರಾವಕ ಗಾಳಿಗೆ ಬರುವುದು. ಆ ಗಾಳಿಯನ್ನೇ ನಾವು ಎಳೆದುಕೊಳ್ಳುತ್ತೇವೆ.

ನಮ್ಮ ಮಳೆಗೆ ಹೊಂದದ ಮನೆ

ಈ ಇಂಟೀರಿಯರ್ ಹುಟ್ಟಿದ್ದು ನಮ್ಮ ಸೀಮೆಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಹೊಸನಗರದ ಹುಲಿಕಲ್ಲು, ಮಾಸ್ತಿಕಟ್ಟೆಯವರಿಗೆ ಮಳೆ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಸಾಗರದ ಪೂರ್ವಕ್ಕೆ ಸ್ವಲ್ಪ ಕಡಿಮೆ ಇರಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಕಿಟಕಿ ಮುಚ್ಚಿಕೊಂಡು ಕೂರುವುದು ಮೂರೂ ತಾಲ್ಲೂಕಿನವರ ಪಾಡು.

ಯೂರಿಯಾ ಅಂಟಿನ ಗುಣವೇ ಹಾಗೆ. ತೇವ ಮತ್ತು ಸೆಕೆ ಹೆಚ್ಚಾದಷ್ಟೂ ಅದು ಸಡಿಲಗೊಂಡು ಹೆಚ್ಚು ಅನಿಲ ಬಿಡುತ್ತದೆ. ನಮ್ಮಲ್ಲಿ ತೇವ ಹೆಚ್ಚಾಗುವುದೂ ಕಿಟಕಿ ಮುಚ್ಚುವುದೂ ಒಂದೇ ಕಾಲದಲ್ಲಿ.

ಹಳೆಯ ಹೆಂಚಿನ ಮನೆಯಲ್ಲಿ ಕಿಟಕಿ ಮುಚ್ಚಿದರೂ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಆರ್‌ಸಿಸಿ ಮನೆಗೆ ಸ್ಲೈಡಿಂಗ್ ಕಿಟಕಿ ಹಾಕಿ ಮುಚ್ಚಿದರೆ ಅದು ಮುಚ್ಚಳ ಹಾಕಿದ ಡಬ್ಬ.

ಗೋಡೆಯ ಕತೆಯೂ ಇದೇ. ಜಂಬಿಟ್ಟಿಗೆ ಕಲ್ಲು, ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಎಳೆದುಕೊಂಡು ಬೇಸಿಗೆಯಲ್ಲಿ ಬಿಡುತ್ತವೆ. ಸುಣ್ಣ ಬಳಿದರೆ ಆ ತೇವ ಹೊರಗೆ ಹೋಗಲು ದಾರಿ ಇರುತ್ತದೆ. ಸುಣ್ಣದ ಖಾರಕ್ಕೆ ಬೂಷ್ಟೂ ಬೇಗ ಹಿಡಿಯುವುದಿಲ್ಲ. ಅದೇ ಗೋಡೆಗೆ ಪುಟ್ಟಿ ಮೆತ್ತಿ ಪ್ಲಾಸ್ಟಿಕ್ ಪೇಂಟ್ ಹೊಡೆದರೆ? ಎರಡನೇ ಮಳೆಗಾಲಕ್ಕೆ ಗುಳ್ಳೆ ಎದ್ದು ಹಪ್ಪಳದ ಹಾಗೆ ಬಿಡುತ್ತದೆ. ಅದನ್ನು ಮುಚ್ಚಲು ಪಿವಿಸಿ ಶೀಟು ಹೊಡೆಸುತ್ತೇವೆ. ಶೀಟಿನ ಹಿಂದೆ ಕತ್ತಲೆ, ತೇವ, ಬೂಷ್ಟು. ಮುಂದೆ ಮಾತ್ರ ತೇಗದ ಗೆರೆ. ಮಗುವಿಗೆ ಯಾಕೆ ನೆಗಡಿ ಬಿಡುವುದಿಲ್ಲ ಅಂತ ಡಾಕ್ಟರ ಹತ್ತಿರ ಓಡುವ ಮೊದಲು ಒಂದು ಶೀಟು ಬಿಚ್ಚಿ ಹಿಂದೆ ನೋಡಿ.

ಅಜ್ಜನ ಬಾಗಿಲು ಮಾರಿ ಪ್ಲೈವುಡ್ ತಂದೆವು

ನನಗೆ ಸಿಟ್ಟು ಬರುವುದು ಇಲ್ಲಿ. ಹಳೆ ಮನೆ ಕೆಡವಿದಾಗ ಸಿಗುವ ಹಲಸಿನ ಕಂಬ, ನಾಗಂದಿಗೆ, ಬಾಗಿಲು, ದಳಿಗಳನ್ನು ಬಂದ ಬೆಲೆಗೆ ವ್ಯಾಪಾರಿಗೆ ಕೊಡುತ್ತೇವೆ. ಅವು ನೂರು ಮಳೆಗಾಲ ಕಂಡ ಮರ. ಅಂಟಿಲ್ಲ, ಬಿಡುವ ತೇವ ಎಂದೋ ಬಿಟ್ಟಾಗಿದೆ. ಅದು ಹೋಗಿ ಯಾವುದೋ ರೆಸಾರ್ಟಿನ ಹಜಾರದಲ್ಲಿ ನಿಲ್ಲುತ್ತದೆ. ಬೆಂಗಳೂರಿನವರು ರಾತ್ರಿಗೆ ಸಾವಿರಾರು ರೂಪಾಯಿ ಕೊಟ್ಟು ಅದರ ಕೆಳಗೆ ಮಲಗುತ್ತಾರೆ. ನಾವು ಆ ದುಡ್ಡಿಗೆ ಇನ್ನಷ್ಟು ಸೇರಿಸಿ, ಮರದ ಚಿತ್ರ ಅಂಟಿಸಿದ ಪ್ಲಾಸ್ಟಿಕ್ ತರುತ್ತೇವೆ.

ಕುಪ್ಪಳಿಯ ಕವಿಮನೆಗೆ ಹೋದವರೆಲ್ಲ "ಎಷ್ಟು ತಂಪು" ಅಂತ ಕಂಬ ಸವರಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ವಾಪಸ್ ಬಂದು ತಮ್ಮ ಮನೆಯ ಅಂಥದೇ ಕಂಬ ಕೀಳಿಸುತ್ತಾರೆ.

ಹಸೆ ಚಿತ್ತಾರವನ್ನೇ ನೋಡಿ. ಸಾಗರ ಸೀಮೆಯ ದೀವರ ಹೆಂಗಸರು ಗೋಡೆ ಮೇಲೆ ಬರೆದಿದ್ದು ಕೆಮ್ಮಣ್ಣು, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ. ಕುಂಚ ಪುಂಡಿ ನಾರಿನದು. ಈಗ ಚಿತ್ತಾರ ಚೌಕಟ್ಟು ಹಾಕಿಸಿಕೊಂಡು ಪೇಟೆಯ ಗೋಡೆಗೆ ಹೋಗಿದೆ, ನಮ್ಮ ಗೋಡೆಗೆ ಪೇಟೆಯ ವಾಲ್‌ಪೇಪರ್ ಬಂದಿದೆ. ಅಡಿಕೆ ಬೇಯಿಸಿದ ಚೊಗರಿನಿಂದ ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕದವರು ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ನಮ್ಮ ಅಂಗಳದ ಚೊಗರಿಗೆ ಬೆಲೆ ಇದೆ ಅಂತ ನಮಗೆ ಬೇರೆಯವರು ತೋರಿಸಿಕೊಡಬೇಕಾಯಿತು.

ಹಾಗಂತ ಹಳೆಯದೆಲ್ಲ ಒಳ್ಳೆಯದಲ್ಲ

ಅಜ್ಜಿ ಕಾಲವೇ ಚೆನ್ನಾಗಿತ್ತು ಅಂತ ಹಾಡುವ ಗಂಡಸರಿಗೆ ಒಂದು ಪ್ರಶ್ನೆ. ವಾರಕ್ಕೊಮ್ಮೆ ಬಗ್ಗಿ ಸಗಣಿ ಸಾರಿಸುತ್ತಿದ್ದ ಸೊಂಟ ಯಾರದು? ಹೊಗೆ ತುಂಬಿದ ಅಡುಗೆಮನೆಯಲ್ಲಿ ಕೆಮ್ಮಿದ್ದು ಯಾರು? ಒಲೆಯ ಹೊಗೆ ಅಟ್ಟದ ಮರವನ್ನು ಹುಳದಿಂದ ಕಾಪಾಡಿದ್ದು ನಿಜ, ಅದೇ ಹೊಗೆ ಅಮ್ಮಂದಿರ ಎದೆ ಸುಟ್ಟಿದ್ದೂ ನಿಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಸ್ತ್ರ ಒಲೆ ರೂಪಿಸಿದ್ದು ಆ ಹೊಗೆ ಹೊರಹಾಕಲು, ಸೌದೆ ಉಳಿಸಲು.

ನೆಲ ಕಪ್ಪಗೆ ಹೊಳೆಯಲಿ ಅಂತ ಹಳೆ ಬ್ಯಾಟರಿ ಸೆಲ್ ಒಡೆದು ಅದರ ಕರಿಯನ್ನು ಸಗಣಿಗೆ ಕಲೆಸಿ ಸಾರಿಸಿದ್ದೂ ಉಂಟು. ಅದು ಮ್ಯಾಂಗನೀಸ್ ಪುಡಿ, ಒಣಗಿ ದೂಳಾಗಿ ಒಳಗೆ ಹೋದರೆ ನರಕ್ಕೆ ಕೆಟ್ಟದ್ದು. ಇದ್ದಿಲಿನ ಪುಡಿಯಲ್ಲಿ ಆಗುವ ಕೆಲಸಕ್ಕೆ ಅದು ಬೇಕಿರಲಿಲ್ಲ. ಒರಲೆಗೆ ಹಚ್ಚುವ ಗೇರೆಣ್ಣೆಯೂ ಅಷ್ಟೇ. ಗಿಡದಿಂದ ಬಂದದ್ದು ಹೌದು, ಆದರೆ ಹಸಿ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಡುತ್ತದೆ. ಜಂತಿ, ಪಕಾಸಿಗೆ ಹಚ್ಚಿ ಚೆನ್ನಾಗಿ ಒಣಗಿಸಿ, ಮಕ್ಕಳು ಮುಟ್ಟುವ ಕಡೆ ಬೇಡ.

ಆದ್ದರಿಂದ ನನ್ನ ಜಗಳ ಹೊಸತರ ಜೊತೆ ಅಲ್ಲ. ಏನು ತರುತ್ತಿದ್ದೇವೆ ಅಂತ ಕೇಳದೆ ತರುವುದರ ಜೊತೆ. ಒಂದು ಆಕಳು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ. ಲಕ್ಷಗಟ್ಟಲೆ ಇಂಟೀರಿಯರ್ ಮಾಡಿಸುವಾಗ ಬಣ್ಣದ ಕ್ಯಾಟಲಾಗ್ ಬಿಟ್ಟು ಬೇರೇನೂ ನೋಡುವುದಿಲ್ಲ.

"ದುಡ್ಡಿದ್ದವರ ಮಾತು" ಅನ್ನಬೇಡಿ

ಪ್ರತಿ ಸಲ ಇದೇ ಉತ್ತರ ಬರುತ್ತದೆ. ಆದರೆ ಕೆಳಗೆ ಹೇಳುವ ಹೆಚ್ಚಿನ ಕೆಲಸಕ್ಕೆ ಖರ್ಚೇ ಇಲ್ಲ.

ಒಂದು, ಮುಹೂರ್ತವನ್ನು ಹಿಂದಿನಿಂದ ಲೆಕ್ಕ ಹಾಕಿ. ಮರಗೆಲಸ, ಪೇಂಟು ಗೃಹಪ್ರವೇಶಕ್ಕೆ ಒಂದು ತಿಂಗಳಾದರೂ ಮೊದಲು, ಬಿಸಿಲಿರುವಾಗಲೇ ಮುಗಿಯಲಿ. ಆಮೇಲೆ ಕಿಟಕಿ, ಕಪಾಟಿನ ಬಾಗಿಲು ಎಲ್ಲ ತೆರೆದಿಡಿ. ಹೊಸ ಹಲಗೆಯಿಂದ ಅನಿಲ ಹೆಚ್ಚು ಬರುವುದು ಮೊದಲ ತಿಂಗಳುಗಳಲ್ಲೇ. ಬಾಣಂತಿ, ಮಗುವಿನ ಕೋಣೆಗೆ ಆ ವರ್ಷ ಹೊಸ ಪ್ಲೈವುಡ್ಡೂ ಬೇಡ, ಪೇಂಟೂ ಬೇಡ.

ಎರಡು, ಪ್ಲೈವುಡ್ ತರಲೇಬೇಕಾದರೆ ಹಾಳೆಯ ಮೇಲಿನ ಗುರುತು ನೋಡಿ. ಐಎಸ್‌ಐ ಗುರುತು ಇರಬೇಕು. 'ಎಂಆರ್' ಅಂತ ಇದ್ದರೆ ಸಾಮಾನ್ಯವಾಗಿ ಯೂರಿಯಾ ಅಂಟು. 'ಬಿಡಬ್ಲ್ಯುಆರ್' ಅಥವಾ ಐಎಸ್ 710 ಅಂತ ಇದ್ದರೆ ಫೀನಾಲ್ ಅಂಟು, ಅದು ಗಟ್ಟಿ ಹಿಡಿಯುತ್ತದೆ, ಅನಿಲ ಬಿಡುವುದು ಬಹಳ ಕಡಿಮೆ, ನಮ್ಮ ತೇವಕ್ಕೂ ಬಾಳುತ್ತದೆ. ಇ1, ಇ0 ಅಂತ ಬರೆದಿದ್ದರೆ ಅನಿಲ ಕಡಿಮೆ ಅಂತ ಅರ್ಥ, ಇ0 ಇನ್ನೂ ಒಳ್ಳೆಯದು. ಕತ್ತರಿಸಿದ ಅಂಚುಗಳನ್ನು, ಕಪಾಟಿನ ಹಿಂದಿನದ್ದೂ ಸೇರಿ, ಪಟ್ಟಿ ಹಾಕಿ ಮುಚ್ಚಿಸಿ. ಹೆಚ್ಚು ಅನಿಲ ಬರುವುದು ಅಲ್ಲಿಂದ.

ಮೂರು, ಪೇಂಟಿನ ಡಬ್ಬ ಓದಿ. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಹಾಗೆಂದು ಡಬ್ಬದ ಮೇಲೆ ಬರೆದಿರಬೇಕು. ಬರೆದಿಲ್ಲವೆಂದರೆ ವಾಪಸ್ ಮಾಡಿ. ಅದಕ್ಕಿಂತ ಹಳೆಯ ಪೇಂಟಿನ ಬಾಗಿಲು, ಕಿಟಕಿ, ತೊಟ್ಟಿಲನ್ನು ಹಬ್ಬಕ್ಕೆಂದು ಒಣ ಉಜ್ಜುಕಾಗದದಲ್ಲಿ ಉಜ್ಜಬೇಡಿ. ನೀರು ಹಾಕಿ ಉಜ್ಜಿ, ಮಕ್ಕಳನ್ನು ದೂರ ಇಡಿ. ಸೀಸದ ದೂಳು ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ.

ನಾಲ್ಕು, ಒರಲೆಗೆ ಅಂತ ಪಾಯಕ್ಕೆ ಕ್ಲೋರ್‌ಪೈರಿಫಾಸ್ ಸುರಿಸುವ ಮೊದಲು ಬಾವಿ ಎಲ್ಲಿದೆ ನೋಡಿ. ತೋಟದಲ್ಲಿ ಇದರ ಪರಿಚಯ ನಿಮಗಿದೆ. 2025ರಲ್ಲಿ ಇದನ್ನು ಜಗತ್ತಿನಿಂದ ಕೈಬಿಡಬೇಕಾದ ರಾಸಾಯನಿಕಗಳ ಸ್ಟಾಕ್‌ಹೋಮ್ ಪಟ್ಟಿಗೆ, ಕೆಲವು ವಿನಾಯಿತಿ ಕೊಟ್ಟು, ಸೇರಿಸಿದ್ದಾರೆ. ಬಾವಿಗೆ ತಾಗಿದ ಗೋಡೆಯ ಬುಡಕ್ಕೆ ಅದು ಬೇಡವೇ ಬೇಡ.

ಐದು, ದಯವಿಟ್ಟು ಚೂರುಗಳನ್ನು ಬಚ್ಚಲ ಒಲೆಗೆ ಹಾಕಬೇಡಿ. ಪ್ಲೈವುಡ್ ತುಂಡು, ಮೈಕಾ, ಪಿವಿಸಿ ಪಟ್ಟಿ ಎಲ್ಲ ಹಂಡೆ ಕೆಳಗೆ ಹೋಗುವುದನ್ನು ಎಲ್ಲ ಮನೆಯಲ್ಲೂ ನೋಡಿದ್ದೇನೆ. ಪಿವಿಸಿ ಸುಟ್ಟರೆ ಆಮ್ಲದ ಹೊಗೆ ಬರುತ್ತದೆ, ಜೊತೆಗೆ ಡಯಾಕ್ಸಿನ್ ಎಂಬ ಉಗ್ರ ವಿಷ. ಅದರ ಬೂದಿಯನ್ನು ತೆಗೆದು ಬಸಳೆ ಬುಡಕ್ಕೆ ಹಾಕುತ್ತೇವೆ. ಉಳಿದ ಚೂರನ್ನು ತಂದವರೇ ವಾಪಸ್ ಒಯ್ಯಬೇಕು ಅಂತ ಕೆಲಸ ಶುರುವಾಗುವ ಮೊದಲೇ ಮಾತಾಡಿ.

ಆರು, ಹಳೆ ಮರ ಮಾರಬೇಡಿ. ನಿಮ್ಮ ಊರಿನ ಆಚಾರಿಗೆ ಕೊಟ್ಟು ಅದರಲ್ಲೇ ಎರಡು ಕಪಾಟು ಮಾಡಿಸಿ. ಕೂಲಿ ಊರಲ್ಲೇ ಉಳಿಯುತ್ತದೆ. ಮಣ್ಣು, ಜಂಬಿಟ್ಟಿಗೆ ಗೋಡೆಗೆ ಸುಣ್ಣ ಬಳಿಸಿ. ನೆಲಕ್ಕೆ ರೆಡ್ ಆಕ್ಸೈಡ್ ಹಾಕುವ ಗಾರೆಯವರು ನಿಮ್ಮ ಕಡೆ ಇನ್ನೂ ಇದ್ದರೆ ಕರೆಸಿ, ಆ ಕೈಗಳು ಕಡಿಮೆಯಾಗುತ್ತಿವೆ.

ಇಂಟೀರಿಯರ್‌ನವನು "ಎಲ್ಲರೂ ಇದನ್ನೇ ಹಾಕಿಸ್ತಾರೆ ಸಾರ್" ಅನ್ನುತ್ತಾನೆ. ಅವನಿಗೆ ಎರಡೇ ಪ್ರಶ್ನೆ ಕೇಳಿ: ಈ ಹಲಗೆಯ ಅಂಟು ಯಾವುದು? ಉಳಿದ ಚೂರು ಎಲ್ಲಿಗೆ ಹೋಗುತ್ತದೆ? ಉತ್ತರ ಬರುವವರೆಗೆ ಮುಂಗಡ ಕೊಡಬೇಡಿ.

ಆ ಮನೆಯ ಅಜ್ಜಿ ಮಾರನೇ ದಿನವೂ ಜಗಲಿಯಲ್ಲೇ ಮಲಗಿದರು. ಎರಡನೇ ರಾತ್ರಿ ಬಾಣಂತಿಯನ್ನೂ ಮಗುವನ್ನೂ ಹಳೆ ಮನೆಯ ಕೋಣೆಗೆ ಕಳಿಸಿದರಂತೆ, ಅದನ್ನು ಇನ್ನೂ ಕೆಡವಿರಲಿಲ್ಲ. ಎಲ್ಲರ ಮನೆಯಲ್ಲೂ ಹೋಗಿ ಮಲಗಲು ಹಳೆ ಕೋಣೆ ಉಳಿದಿರುವುದಿಲ್ಲ.