ಬರ್ಗರಿನ ಗೇಣಿ

ಸ್ವಂತ ಅಂಗಡಿಯ ನೆತ್ತಿಯಿಂದ ಸ್ವಂತ ಹೆಸರನ್ನೇ ಇಳಿಸಿಕೊಳ್ಳಬೇಕಾದ ಅವಮಾನವನ್ನು ವ್ಯಾಪಾರದ ಜಾಣ್ಮೆ ಎಂದು ಹೊಗಳುವವರ ಜೊತೆ ನನಗೆ ಜಗಳವಿದೆ. ಅಮೆರಿಕದ ಸ್ಯಾನ್ ಬರ್ನಾರ್ಡಿನೋದಲ್ಲಿ ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಎಂಬ ಅಣ್ಣತಮ್ಮಂದಿರಿಗೆ ಆದದ್ದು ಇದೇ. 1961ರಲ್ಲಿ ಅವರು 27 ಲಕ್ಷ ಡಾಲರಿಗೆ ತಮ್ಮ ಹ್ಯಾಂಬರ್ಗರ್ ಅಂಗಡಿಯ ಹಕ್ಕುಗಳನ್ನೆಲ್ಲ, ಆ ಹೆಸರಿನ ಅಂಗಡಿಗಳನ್ನು ಬೇರೆಡೆ ತೆರೆಯುತ್ತಿದ್ದ ರೇ ಕ್ರಾಕ್‌ಗೆ ಬರೆದುಕೊಟ್ಟರು. ಮೊದಲ ಅಂಗಡಿಯೊಂದನ್ನು ಉಳಿಸಿಕೊಂಡರಾದರೂ ಅದರ ಮೇಲೆ ಮನೆತನದ ಹೆಸರು ಹಾಕುವ ಹಕ್ಕು ಉಳಿಯಲಿಲ್ಲ. 'ಬಿಗ್ ಎಂ' ಎಂದು ಬೋರ್ಡು ಬದಲಾಯಿಸಿದರು. ಕ್ರಾಕ್ ಅಷ್ಟಕ್ಕೂ ಬಿಡಲಿಲ್ಲ. ಅದರ ಹತ್ತಿರದಲ್ಲೇ ಒಂದು ಮೆಕ್‌ಡೊನಾಲ್ಡ್ಸ್ ತೆರೆದ. ಕೆಲವು ವರ್ಷಗಳಲ್ಲಿ ಬಿಗ್ ಎಂ ಮುಳುಗಿತು.

ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಇದನ್ನು ಛಲದ ಕಥೆಯಾಗಿ ಹೇಳುತ್ತಾರೆ. ಮಿಲ್ಕ್‌ಶೇಕ್ ಯಂತ್ರ ಮಾರುತ್ತಾ ಊರೂರು ಅಲೆಯುತ್ತಿದ್ದ ಕ್ರಾಕ್ 52ನೇ ವಯಸ್ಸಿನಲ್ಲಿ ಹೊಸ ಬದುಕು ಕಟ್ಟಿಕೊಂಡನಂತೆ. ಕಟ್ಟಿಕೊಂಡ, ಒಪ್ಪುತ್ತೇನೆ. ಕಟ್ಟಿದ್ದು ಯಾರ ಹೆಗಲ ಮೇಲೆ ಎಂಬ ಪ್ರಶ್ನೆಗೆ ಮಾತ್ರ ಆ ಪಾಠಗಳಲ್ಲಿ ಜಾಗವಿಲ್ಲ.

ಅಣ್ಣತಮ್ಮಂದಿರನ್ನೂ ನಾನು ಸಂತರನ್ನಾಗಿ ಮಾಡಲಾರೆ. 1948ರಲ್ಲಿ ಚೆನ್ನಾಗಿ ನಡೆಯುತ್ತಿದ್ದ ಅಂಗಡಿಯನ್ನು ಮೂರು ತಿಂಗಳು ಮುಚ್ಚಿ ಹೊಸ ವಿಧಾನ ಕಂಡುಹಿಡಿದವರು ಅವರೇ. ಟೆನ್ನಿಸ್ ಅಂಗಳದ ಮೇಲೆ ಸೀಮೆಸುಣ್ಣದಲ್ಲಿ ಅಡುಗೆಮನೆಯ ನಕ್ಷೆ ಬರೆದು, ಕೆಲಸದವರನ್ನು ಅದರೊಳಗೆ ಓಡಾಡಿಸಿ, ಯಾರ ಕೈ ಎಲ್ಲಿಗೆ ಚಾಚಬೇಕು ಎಂದು ಲೆಕ್ಕ ಹಾಕಿದರು. ತಿನಿಸುಗಳ ಪಟ್ಟಿಯನ್ನು ಒಂಬತ್ತಕ್ಕೆ ಇಳಿಸಿದರು, ಹ್ಯಾಂಬರ್ಗರಿನ ಬೆಲೆಯನ್ನು 15 ಸೆಂಟ್‌ಗೆ. ಕಾರುಗಳ ಬಳಿಗೆ ತಟ್ಟೆ ಹೊತ್ತು ತರುತ್ತಿದ್ದ ಹುಡುಗಿಯರನ್ನೆಲ್ಲ ಮನೆಗೆ ಕಳಿಸಿದರು. ಒಬ್ಬ ಸುಡಬೇಕು, ಒಬ್ಬ ಕಟ್ಟಬೇಕು, ಒಬ್ಬ ಆಲೂಗಡ್ಡೆ ಕರಿಯಬೇಕು. ಯಾರಿಗೂ ಅಡುಗೆ ಬರಬೇಕಾಗಿಲ್ಲ. ಅಡುಗೆ ಬರದವನನ್ನು ಇಂದು ತೆಗೆದು ನಾಳೆ ಇನ್ನೊಬ್ಬನನ್ನು ನಿಲ್ಲಿಸಬಹುದು. ಆ ಹುಡುಗಿಯರನ್ನು ಬೀದಿಗೆ ತಳ್ಳಿದ ವ್ಯವಸ್ಥೆಯೇ ಹದಿಮೂರು ವರ್ಷಗಳ ನಂತರ ಕಟ್ಟಿದವರ ಹೆಸರನ್ನೂ ನುಂಗಿತು. ದುಡಿಯುವವನನ್ನು ಬದಲಿಸಬಹುದಾದ ಕಡೆ ಒಡೆಯನನ್ನೂ ಬದಲಿಸಬಹುದು.

ನನ್ನ ಸಿಟ್ಟಿನ ಬೇರು ಇನ್ನೂ ಆಳದಲ್ಲಿದೆ. ಕ್ರಾಕ್ 1955ರಲ್ಲಿ ಇಲಿನಾಯ್‌ನ ಡೆಸ್ ಪ್ಲೇನ್ಸ್‌ನಲ್ಲಿ ತನ್ನ ಮೊದಲ ಅಂಗಡಿ ತೆರೆದ. ಫ್ರಾಂಚೈಸಿ, ಅಂದರೆ ಅದೇ ಹೆಸರಿನಲ್ಲಿ ಅಂಗಡಿ ನಡೆಸುವ ಪರವಾನಗಿ, ಪಡೆದವರು ಮಾರಾಟದ ಶೇ. 1.9 ಕೊಡಬೇಕಿತ್ತು. ಅದರಲ್ಲಿ ಅಣ್ಣತಮ್ಮಂದಿರ ಪಾಲು ಶೇ. 0.5. ಉಳಿದದ್ದರಲ್ಲಿ ಕಂಪನಿ ನಡೆಸುವುದೇ ಕಷ್ಟವಾಗಿತ್ತು. ಆಗ ಹ್ಯಾರಿ ಸೊನ್ನೆಬಾರ್ನ್ ಎಂಬ ಹಣಕಾಸಿನ ತಲೆ ದಾರಿ ತೋರಿಸಿತು. 1956ರಲ್ಲಿ ಜಾಗಗಳಿಗಾಗಿಯೇ ಒಂದು ಕಂಪನಿ ಹುಟ್ಟಿತು. ಅದು ನೆಲವನ್ನು ತಾನು ಗುತ್ತಿಗೆ ಹಿಡಿದು, ಬಾಡಿಗೆ ಏರಿಸಿ ಫ್ರಾಂಚೈಸಿಗೆ ಒಳಗುತ್ತಿಗೆ ಕೊಡುವುದು. ಕನಿಷ್ಠ ಬಾಡಿಗೆ, ಇಲ್ಲವೇ ಮಾರಾಟದ ಶೇ. 5, ಯಾವುದು ಹೆಚ್ಚೋ ಅದು. ಕಂಪನಿಯ ನಿಯಮ ಮೀರಿದರೆ ಜಾಗ ಖಾಲಿ ಮಾಡಬೇಕು.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕೆ? ಇದು ಗೇಣಿ. ಬೆಳೆ ಬಂದರೂ ಕೊಡು, ಬಾರದಿದ್ದರೂ ಕೊಡು, ತುಟಿ ಬಿಚ್ಚಿದರೆ ಎದ್ದು ಹೋಗು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿಂದ. ಕೊಳಗ ಒಡೆಯನ ಕೈಯಲ್ಲಿರುವ ತನಕ ಒಕ್ಕಲಿನ ಬೆವರಿಗೆ ನ್ಯಾಯದ ಅಳತೆ ಇಲ್ಲವೆಂದು ಅವರಿಗೆ ಗೊತ್ತಿತ್ತು. 'ಯಾವುದು ಹೆಚ್ಚೋ ಅದು' ಎಂಬ ಕರಾರಿನ ಮಾತೂ ಅಂಥದೇ ಕೊಳಗ. ಉಳುವವನೇ ಹೊಲದೊಡೆಯ ಎಂದು ಕೂಗಿ, 1974ರ ಭೂಸುಧಾರಣೆಯಲ್ಲಿ ಗೇಣಿ ಪದ್ಧತಿಯನ್ನು ಮುರಿದ ನಾಡು ನಮ್ಮದು. ಅದೇ ನಾಡಿನ ಮಕ್ಕಳು ಇಂದು ಅಪ್ಪನ ಹೊಲ ಮಾರಿ, ಬ್ಯಾಂಕಿನಲ್ಲಿ ಸಾಲ ತಂದು, ಯಾರದೋ ಬ್ರಾಂಡಿನ ಬೋರ್ಡಿನ ಕೆಳಗೆ ಗಲ್ಲಾಪೆಟ್ಟಿಗೆ ಮುಂದೆ ಕೂತು ತಾವು ಉದ್ಯಮಿಗಳೆಂದು ನಂಬುತ್ತಿದ್ದಾರೆ. ಸಾಲ ಅವರದು, ನಷ್ಟ ಅವರದು. ಹೆಸರು, ಬೆಲೆ, ಕೊನೆಗೆ ಉಪ್ಪಿನ ಪ್ರಮಾಣವೂ ಬೇರೆಯವರದು.

ಒಡೆಯರು ಕಾದಾಡಿದಾಗ ಏನಾಗುತ್ತದೆ ಎಂಬುದನ್ನು ದೆಹಲಿ ನೋಡಿದೆ. ವಿಕ್ರಮ್ ಬಕ್ಷಿ ಉತ್ತರ ಭಾರತದಲ್ಲಿ ಮೆಕ್‌ಡೊನಾಲ್ಡ್ಸ್ ಕಟ್ಟಿದವರು. 2013ರಲ್ಲಿ ಅವರನ್ನು ವ್ಯವಸ್ಥಾಪಕ ನಿರ್ದೇಶಕ ಸ್ಥಾನದಿಂದ ಇಳಿಸಲಾಯಿತು. ಅವರು ಕಾನೂನಿನ ಮೊರೆ ಹೋದರು. 2017ರ ಜೂನ್‌ನಲ್ಲಿ, ಈ ಜಗಳದ ನಡುವೆ ಪರವಾನಗಿ ನವೀಕರಣವಾಗದೆ, ದೆಹಲಿಯ 55 ಅಂಗಡಿಗಳಲ್ಲಿ 43ರ ಬಾಗಿಲು ಹಾಕಿದರು. ಆಗಸ್ಟಿನಲ್ಲಿ ಕಂಪನಿ 169 ಅಂಗಡಿಗಳ ಒಪ್ಪಂದವನ್ನೇ ರದ್ದು ಮಾಡಿತು. 2019ರಲ್ಲಿ ಬಕ್ಷಿಯೂ ಕಂಪನಿಯೂ ನ್ಯಾಯಾಲಯದ ಹೊರಗೆ ರಾಜಿಯಾದರು. ಎಣ್ಣೆ ಬಾಣಲೆಯ ಮುಂದೆ ನಿಂತಿದ್ದ ಹುಡುಗರನ್ನು ಆ ರಾಜಿಯ ಮೇಜಿಗೆ ಯಾರೂ ಕರೆಯಲಿಲ್ಲ. ಆರು ವರ್ಷ ಅವರ ಅನ್ನವನ್ನು ಪಣಕ್ಕಿಟ್ಟು ಆಡಿದವರಿಗೆ ಅದರ ನೆನಪಾದರೂ ಇತ್ತೇ?

ಇಂಥ ಬ್ರಾಂಡುಗಳ ಮೇಲೆ ನಮ್ಮ ನಾಡು ಸಿಟ್ಟಾದದ್ದೂ ಉಂಟು. 1996ರ ಜನವರಿ 30ರಂದು ಬೆಂಗಳೂರಿನ ಕೆಎಫ್‌ಸಿ ಅಂಗಡಿಗೆ ನುಗ್ಗಿದವರು ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘದವರು. ಬೀಜ ಯಾರದು, ಅನ್ನ ಯಾರದು ಎಂಬ ಅವರ ಪ್ರಶ್ನೆ ಇಂದಿಗೂ ಜೀವಂತ. ಆದರೆ ಆ ಪ್ರಶ್ನೆ ಅಡುಗೆಮನೆಯ ಒಳಗೆ ಹೋಗಿ, ಅಲ್ಲಿ ದುಡಿಯುವವನ ಕೂಲಿಯನ್ನು ಮುಟ್ಟಬೇಕಿತ್ತು.

ಕೂಲಿಯ ಮಾತಿಗೆ ಕ್ರಾಕ್ ಕಟ್ಟಿದ ಸಾಮ್ರಾಜ್ಯ ಮೊದಲಿನಿಂದಲೂ ಬೆಚ್ಚಿದೆ. 1972ರಲ್ಲಿ ಕ್ರಾಕ್ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಚುನಾವಣೆಗೆ ಎರಡೂವರೆ ಲಕ್ಷ ಡಾಲರ್ ಕೊಟ್ಟ. ಹದಿಹರೆಯದ ಕೆಲಸಗಾರರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಲು ಬಿಡುವ ಮಸೂದೆ ಆಗಲೇ ಚರ್ಚೆಯಲ್ಲಿತ್ತು. ಜನ ಅದಕ್ಕೆ ಮೆಕ್‌ಡೊನಾಲ್ಡ್ಸ್ ಮಸೂದೆ ಎಂದೇ ಹೆಸರಿಟ್ಟರು. ನಲವತ್ತು ವರ್ಷದ ಬಳಿಕ, 2012ರ ನವೆಂಬರಿನಲ್ಲಿ, ನ್ಯೂಯಾರ್ಕಿನ ಫಾಸ್ಟ್‌ಫುಡ್ ಕೆಲಸಗಾರರು ಗಂಟೆಗೆ 15 ಡಾಲರ್ ಕೇಳಿ ಬೀದಿಗಿಳಿದರು. ಆ ಕೂಗು ಊರಿಂದೂರಿಗೆ ಹಬ್ಬಿತು. 2024ರ ಏಪ್ರಿಲ್ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಫಾಸ್ಟ್‌ಫುಡ್ ಸರಣಿಗಳ ಕೆಲಸಗಾರರಿಗೆ ಗಂಟೆಗೆ 20 ಡಾಲರ್ ಕೊಡುವುದು ಕಾನೂನಾಯಿತು. ಇದು ಯಾರ ಔದಾರ್ಯವೂ ಅಲ್ಲ, ಬೀದಿಯಲ್ಲಿ ನಿಂತು ಕಿತ್ತುಕೊಂಡದ್ದು.

ಅದೇ ಕಾನೂನಿನ ಕರಡಿನಲ್ಲಿ ಇನ್ನೊಂದು ಕಲಮಿತ್ತು. ಫ್ರಾಂಚೈಸಿ ಅಂಗಡಿಯಲ್ಲಿ ಕೆಲಸಗಾರನಿಗೆ ಅನ್ಯಾಯವಾದರೆ ಬ್ರಾಂಡಿನ ಒಡೆಯನೂ ಜೊತೆಯಲ್ಲಿ ಹೊಣೆ ಹೊರಬೇಕು ಎಂಬುದು. ಕಂಪನಿಗಳು ಅದನ್ನು ಮಾತ್ರ ಒಪ್ಪಲಿಲ್ಲ. ರಾಜಿಯಲ್ಲಿ ಆ ಕಲಮು ಬಿದ್ದುಹೋಯಿತು. ಗೇಣಿ ಬೇಕು, ಹೊಣೆ ಬೇಡ! ಬಿದ್ದುಹೋದ ಆ ಕಲಮನ್ನು ಎತ್ತಿಕೊಂಡು ನಾವು ವಿಧಾನಸೌಧದ ಬಾಗಿಲಿಗೆ ಹೋಗಬೇಕು. ಬೋರ್ಡು ಯಾರದೋ, ಅಡುಗೆಮನೆಯಲ್ಲಿ ಸುಟ್ಟ ಕೈಗೂ ಬಾಕಿ ಉಳಿದ ಕೂಲಿಗೂ ಅವನೇ ಉತ್ತರ ಕೊಡುವಂಥ ಕಾನೂನು ಈ ನೆಲದಲ್ಲಿ ಬರಬೇಕು.